ಮೂರ್ತಿಗೂ ಮರ್ಫಿಗೂ ನಂಟಿದೆಯೇ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಡಬ್ಲಿನ್‌ನಲ್ಲಿ ವಾಸವಾಗಿದ್ದೇನೆ. ನನ್ನ ಹೆಸರಿನ ಕೊನೆಯ ಭಾಗ ಮೂರ್ತಿ. ಇಲ್ಲಿ ನನಗೆ ಬರುವ ಪಾರ್ಸೆಲ್‌ಗಳ ಮೇಲೆ ಎಷ್ಟೋ ಸಲ ‘ಮರ್ಫಿ’ ಎಂದು ಬರೆದಿರುತ್ತದೆ. ನಮ್ಮ ಕಚೇರಿಯಲ್ಲೇ ಮೂವರು ಮರ್ಫಿಗಳಿದ್ದಾರೆ, ಅವರಲ್ಲಿ ಯಾರೂ ಯಾರಿಗೂ ಸಂಬಂಧಿಕರಲ್ಲವಂತೆ. ಈ ಎರಡು ಹೆಸರುಗಳಿಗೂ ಏನಾದರೂ ನಂಟಿದೆಯೇ? ಇನ್ನೊಂದು ಸಂಶಯ: ಮಗನ ಶಾಲೆಯ ಐರಿಶ್ ಭಾಷೆಯ ತರಗತಿಯಲ್ಲಿ ಮರ್ಫಿ ಮನೆತನದ ಹುಡುಗನನ್ನು ‘ಓ ಮುರಖೂ’ ಎಂದೂ ಅವನ ಸ್ವಂತ ಅಕ್ಕನನ್ನು ‘ನೀ ವುರಖೂ’ ಎಂದೂ ಕರೆಯುತ್ತಾರೆ. ಒಂದೇ ಮನೆಯ ಮಕ್ಕಳಿಗೆ ಎರಡು ಮನೆತನದ ಹೆಸರು ಹೇಗೆ? ನಮ್ಮ ತಂದೆಯವರಿಗೆ ಮರ್ಫಿ ಎಂದರೆ ಇಂದಿಗೂ ರೇಡಿಯೊ. ಮರ್ಫಿಯ ನಿಯಮ, ಮರ್ಫಿ ಮಂಚ, ಬೆಂಗಳೂರಿನ ಮರ್ಫಿ ಟೌನ್ ಇವೆಲ್ಲ ಒಬ್ಬನೇ ಮರ್ಫಿಯಿಂದ ಬಂದವೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು, ಆದ್ದರಿಂದ ಅದನ್ನು ಮುಗಿಸಿಯೇ ಮುಂದೆ ಹೋಗೋಣ. ನಂಟಿಲ್ಲ. ‘ಮೂರ್ತಿ’ ಸಂಸ್ಕೃತದ ‘ಮೂರ್ಛ್’ ಎಂಬ ಧಾತುವಿನಿಂದ ಹುಟ್ಟಿದ್ದು. ಹೆಪ್ಪುಗಟ್ಟುವುದು, ಗಟ್ಟಿಯಾಗಿ ರೂಪ ತಾಳುವುದು ಎಂಬುದು ಆ ಧಾತುವಿನ ಅರ್ಥ. ನಿಮ್ಮ ಹೆಸರಿಗೆ ನಿಘಂಟಿನಲ್ಲಿ ಬಂಧುಗಳನ್ನು ಹುಡುಕುವುದೇ ಆದರೆ ಸಿಗುವವರು ‘ಮೂರ್ಛೆ’ ಮತ್ತು, ಕ್ಷಮಿಸಿ, ‘ಮೂರ್ಖ’. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೊಂದಿದೆ. ಕನ್ನಡಿಗರಲ್ಲಿ ಮೂರ್ತಿ ಎಂಬುದು ಸಾಮಾನ್ಯವಾಗಿ ಮನೆತನದ ಹೆಸರಲ್ಲ. ಕೃಷ್ಣಮೂರ್ತಿ, ನರಸಿಂಹಮೂರ್ತಿ, ಸತ್ಯಮೂರ್ತಿ ಎಂಬ ಅಂಕಿತನಾಮದ ಹಿಂಭಾಗ ಅದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾಲಿ ಚೌಕವನ್ನು ತುಂಬಲೇಬೇಕಾಗಿ ಬಂದಾಗ ಆ ಹಿಂಭಾಗ ಕಳಚಿಕೊಂಡು ಮನೆತನದ ಹೆಸರಿನ ಪದವಿಗೇರಿತು. ನಿಮ್ಮ ಅಜ್ಜನ ಹೆಸರಿನಲ್ಲಿ ಅದು ಇಲ್ಲದೆಯೂ ಇರಬಹುದು. ಮರ್ಫಿಯೂ ಮೊದಲಿಗೆ ಒಬ್ಬ ವ್ಯಕ್ತಿಯ ಅಂಕಿತನಾಮವೇ ಆಗಿತ್ತು, ಆದರೆ ಅದು ಮನೆತನದ ಹೆಸರಾಗಿ ಶತಮಾನಗಳೇ ಕಳೆದಿವೆ.

ಆ ಅಂಕಿತನಾಮ ‘ಮುರ್ಖದ್’. ಇದನ್ನು ಓದಿದ ಕೂಡಲೇ ಕನ್ನಡಿಗರ ಮನಸ್ಸು ಎಲ್ಲಿಗೆ ಓಡುತ್ತದೆಂದು ಬಲ್ಲೆ; ಅದೂ ಬರಿಯ ಆಕಸ್ಮಿಕ. ಇದು ಎರಡು ಹಳೆಯ ಐರಿಶ್ ಪದಗಳ ಸಮಾಸ. ‘ಮುಯಿರ್’ ಎಂದರೆ ಕಡಲು, ‘ಕಥ್’ ಎಂದರೆ ಕಾಳಗ. ಕಡಲ ಕಲಿ, ಕಡಲಲ್ಲಿ ಕಾದುವವನು ಎಂದು ಹೆಸರಿನ ಅರ್ಥವನ್ನು ಬಿಡಿಸುವುದು ವಾಡಿಕೆ. ಲ್ಯಾಟಿನ್‌ನ ‘ಮಾರೆ’, ಜರ್ಮನ್‌ನ ‘ಮೇರ್’ ಈ ‘ಮುಯಿರ್’ನ ದಾಯಾದಿಗಳು. ‘ಕಥ್’ ಎಂಬುದರ ಜೊತೆಗೆ ನಮ್ಮ ‘ಶತ್ರು’ ಶಬ್ದವನ್ನೂ ಒಂದೇ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರಿಸುವ ವಿದ್ವಾಂಸರಿದ್ದಾರೆ. ಹಾಗಾಗಿ ಸಂಸ್ಕೃತದ ಕಡೆಯಿಂದ ಮರ್ಫಿಗೆ ದೂರದ ಬಂಧುವೊಬ್ಬನನ್ನು ಹುಡುಕಿಕೊಡಲೇಬೇಕಾದರೆ ಅವನು ಮೂರ್ತಿಯಲ್ಲ, ಶತ್ರು.

ಮುರ್ಖದ್ ಎಂಬುದು ಮಧ್ಯಯುಗದ ಐರ್ಲೆಂಡಿನಲ್ಲಿ ಸಾಕಷ್ಟು ಬಳಕೆಯಲ್ಲಿದ್ದ ಹೆಸರು. 1014ರಲ್ಲಿ ಡಬ್ಲಿನ್ ಬಳಿಯ ಕ್ಲಾಂಟಾರ್ಫ್ ಯುದ್ಧದಲ್ಲಿ ದೊರೆ ಬ್ರಿಯಾನ್ ಬೋರು ಜೊತೆಗೆ ಮಡಿದ ಅವನ ಮಗನ ಹೆಸರೂ ಇದೇ. ಐರಿಶ್ ಜನರಲ್ಲಿ ಮನೆತನದ ಹೆಸರುಗಳು ನೆಲೆಗೊಂಡದ್ದು ಯುರೋಪಿನ ಬಹುಪಾಲು ನಾಡುಗಳಿಗಿಂತ ಮುಂಚೆ, ಸುಮಾರು ಹತ್ತು ಮತ್ತು ಹನ್ನೊಂದನೆಯ ಶತಮಾನಗಳಲ್ಲಿ. ಅಲ್ಲಿಯವರೆಗೆ ಪ್ರತಿಯೊಬ್ಬನೂ ತನ್ನ ತಂದೆಯ ಹೆಸರನ್ನು ಹೇಳಿಕೊಳ್ಳುತ್ತಿದ್ದ, ತಲೆಮಾರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು. ಇನಿಶಿಯಲ್ ಪದ್ಧತಿಯಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಯಾವುದೋ ಒಂದು ಹಂತದಲ್ಲಿ ಹೆಸರು ನಿಂತುಬಿಟ್ಟಿತು: ಖ್ಯಾತನಾದ ತಾತನೊಬ್ಬನ ಹೆಸರಿನ ಹಿಂದೆ ‘ಓ’ ಸೇರಿಸಿ, ಅಥವಾ ತಂದೆಯ ಹೆಸರಿನ ಹಿಂದೆ ‘ಮ್ಯಾಕ್’ ಸೇರಿಸಿ, ಅದನ್ನೇ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲ ಬದಲಿಸದೆ ಉಳಿಸಿಕೊಂಡರು. ‘ಓ’ ಎಂದರೆ ಮೊಮ್ಮಗ, ವಂಶಜ. ‘ಮ್ಯಾಕ್’ ಎಂದರೆ ಮಗ. ಮುರ್ಖದ್‌ನ ಷಷ್ಠೀ ರೂಪ ‘ಮುರ್ಖದ’. ಓ ಮುರ್ಖದ, ಮ್ಯಾಕ್ ಮುರ್ಖದ ಎಂಬ ಎರಡೂ ಬಗೆಯ ಮನೆತನಗಳಿದ್ದವು. ಇಂದಿನ ಮರ್ಫಿಗಳಲ್ಲಿ ಎರಡೂ ಮೂಲದವರು ಬೆರೆತಿದ್ದಾರೆ.

ಹಾಗಾದರೆ ಎಲ್ಲಿಯೂ ಇಲ್ಲದ ‘ಫ’ಕಾರ ಎಲ್ಲಿಂದ ಬಂತು? ಮುರ್ಖದ್ ಎಂದು ನಾನು ಬರೆದ ಕಡೆ ಇರುವುದು ನಮ್ಮ ಖಕಾರವಲ್ಲ. ‘ಖಾನ್’ ಎಂಬುದನ್ನು ಉರ್ದು ಬಲ್ಲವರು ಉಚ್ಚರಿಸುವಾಗ ಗಂಟಲಿನ ಹಿಂಭಾಗದಲ್ಲಿ ಉಜ್ಜಿಕೊಂಡು ಬರುವ ಧ್ವನಿ. ಇಂಗ್ಲಿಷ್‌ನಲ್ಲಿಯೂ ಈ ಧ್ವನಿ ಒಂದು ಕಾಲದಲ್ಲಿತ್ತು. ಕಾಲಕ್ರಮದಲ್ಲಿ ಅದು ಕೆಲವು ಪದಗಳಲ್ಲಿ ಪೂರ್ತಿ ಅಳಿಸಿಹೋಯಿತು, ಕೆಲವು ಪದಗಳಲ್ಲಿ ಫಕಾರವಾಯಿತು. ‘ನೈಟ್’, ‘ಡಾಟರ್’ ಪದಗಳ ನಡುವೆ ಉಚ್ಚಾರವಿಲ್ಲದೆ ಕುಳಿತಿರುವ ಜಿ-ಎಚ್ ಅಕ್ಷರಗಳೂ, ‘ಲಾಫ್’, ‘ಕಾಫ್’, ‘ಇನಫ್’ ಪದಗಳ ಕೊನೆಯಲ್ಲಿ ಫಕಾರದ ವೇಷ ಹಾಕಿರುವ ಅವೇ ಅಕ್ಷರಗಳೂ ಆ ಹಳೆಯ ಧ್ವನಿಯ ಗೋರಿಕಲ್ಲುಗಳು. ನಾವು ಶಾಲೆಯಲ್ಲಿ ಸ್ಪೆಲಿಂಗ್‌ಗಾಗಿ ಏಟು ತಿಂದದ್ದು ಈ ಗೋರಿಕಲ್ಲುಗಳನ್ನು ಎಡವಿ. ಅದೇ ಧ್ವನಿಯನ್ನು ಐರಿಶ್ ಬಾಯಲ್ಲಿ ಕೇಳಿದ ಇಂಗ್ಲಿಷ್ ಗುಮಾಸ್ತ ಕೆಲವೆಡೆ ಅದನ್ನು ಬಿಟ್ಟುಬಿಟ್ಟ; ಆಗ ಹುಟ್ಟಿದ್ದು ಮರೋ, ಮ್ಯಾಕ್‌ಮರೋ ಎಂಬ ರೂಪಗಳು. ಕೆಲವೆಡೆ ಅದನ್ನು ಫಕಾರವಾಗಿ ಬರೆದುಕೊಂಡ. ಆಗ ಹುಟ್ಟಿದ್ದು ಮರ್ಫಿ, ಮಾರ್ಫಿ. ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಎಂದೂ ಮಡಿಕೇರಿಯನ್ನು ಮರ್ಕೆರಾ ಎಂದೂ ಬರೆದುಕೊಂಡವರ ಕಿವಿಯೂ ಲೇಖನಿಯೂ ಅಂಥದ್ದೇ. ವೆಕ್ಸ್‌ಫರ್ಡ್ ಜಿಲ್ಲೆಯ ಮುಖ್ಯ ಮನೆತನವೊಂದು ಮಾತ್ರ ಇಂದಿಗೂ ‘ಓ ಮಾರ್ಕೋ’ ಎಂಬಂತೆ ಕಾಣುವ ಹಳೆಯ ಕಾಗುಣಿತವನ್ನು ಬಿಟ್ಟುಕೊಟ್ಟಿಲ್ಲ. ಅದೂ ಓ ಮುರ್ಖದ ಎಂಬುದರದೇ ರೂಪ.

ಈಗ ಶಾಲೆಯ ಅಕ್ಕ ತಮ್ಮಂದಿರ ವಿಷಯ. ಇಬ್ಬರದೂ ಒಂದೇ ಹೆಸರು, ಅನುಮಾನ ಬೇಡ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಐರಿಶ್ ಕಾಗುಣಿತವನ್ನು ಸುಧಾರಿಸಿದಾಗ, ಉಚ್ಚಾರದಲ್ಲಿ ಆಗಲೇ ಸವೆದುಹೋಗಿದ್ದ ‘ಮುರ್ಖದ’ ಎಂಬ ಉದ್ದ ರೂಪವನ್ನು ‘ಮುರ್ಖೂ’ ಎಂದು ಚಿಕ್ಕದಾಗಿ ಬರೆಯುವುದು ರೂಢಿಗೆ ಬಂತು. ಬರೆಯುವಾಗ ರಕಾರಕ್ಕೂ ಮುಂದಿನ ವ್ಯಂಜನಕ್ಕೂ ನಡುವೆ ಸ್ವರವಿಲ್ಲ, ಆದರೆ ನುಡಿಯುವಾಗ ಅಲ್ಲೊಂದು ಸಣ್ಣ ಅಕಾರ ನುಸುಳುತ್ತದೆ. ಹಾಗಾಗಿಯೇ ನಿಮ್ಮ ಕಿವಿಗೆ ‘ಮುರಖೂ’ ಎಂದು ಕೇಳಿಸಿದೆ. ನಮ್ಮವರು ಕರ್ಮವನ್ನು ಕರುಮ, ಸೂರ್ಯನನ್ನು ಸೂರಿಯ ಎನ್ನುವಾಗ ಮಾಡುವುದೂ ಇದನ್ನೇ. ಗಂಡಸಿನ ಹೆಸರಿನಲ್ಲಿ ‘ಓ’ ಇರುವ ಕಡೆ ಅವಿವಾಹಿತ ಹೆಂಗಸಿನ ಹೆಸರಿನಲ್ಲಿ ‘ನೀ’ ಬರುತ್ತದೆ. ‘ವಂಶಜನ ಮಗಳು’ ಎಂಬ ಪದಪುಂಜ ಸವೆದು ಉಳಿದ ತುಣುಕು ಅದು. ಐರಿಶ್‌ನಲ್ಲಿ ಕೆಲವು ಪದಗಳು ತಮ್ಮ ಮುಂದಿನ ಪದದ ಮೊದಲ ವ್ಯಂಜನವನ್ನು ಮೆದುಗೊಳಿಸುತ್ತವೆ. ‘ನೀ’ ಅಂಥದ್ದು, ‘ಓ’ ಅಂಥದ್ದಲ್ಲ. ಮೆದುವಾದ ಮಕಾರ ಅಲ್ಲಿ ವಕಾರವಾಗುತ್ತದೆ. ಕನ್ನಡದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ ಎಂದುಕೊಂಡಿದ್ದೇನೆ: ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆಯಾದಾಗ ತಕಾರ ಹೇಗೆ ದಕಾರವಾಯಿತೋ, ಪಕ್ಕದ ಪದದ ಸಹವಾಸದಿಂದ ಇಲ್ಲಿ ಮಕಾರ ವಕಾರವಾಗಿದೆ. ನಮ್ಮಲ್ಲಿ ಅದು ಸಮಾಸದಲ್ಲಿ ನಡೆಯುವ ಆದೇಶಸಂಧಿ, ಅವರಲ್ಲಿ ವ್ಯಾಕರಣವೇ ಅದರ ಮೇಲೆ ನಿಂತಿದೆ. ಆ ಹುಡುಗಿ ಮುಂದೆ ಇನ್ನೊಬ್ಬ ಮರ್ಫಿಯನ್ನೇ ಮದುವೆಯಾಗಿ ಅವನ ಮನೆತನದ ಹೆಸರನ್ನು ಐರಿಶ್‌ನಲ್ಲಿ ಹಾಕಿಕೊಂಡರೆ ‘ನೀ’ ಹೋಗಿ ‘ಬ್ಯಾನ್ ಈ’ ಬರುತ್ತದೆ, ವಕಾರ ಹಾಗೆಯೇ ಉಳಿಯುತ್ತದೆ. ಇಂಗ್ಲಿಷ್ ದಾಖಲೆಯಲ್ಲಿ ಈ ಸೂಕ್ಷ್ಮಗಳೊಂದೂ ಇಲ್ಲ. ಅಲ್ಲಿ ಗಂಡು, ಹೆಣ್ಣು, ಮದುವೆಯಾದವರು, ಆಗದವರು ಎಲ್ಲರೂ ಮರ್ಫಿ.

ನಿಮ್ಮ ಕಚೇರಿಯ ಮೂವರು ಮರ್ಫಿಗಳು ಸಂಬಂಧಿಕರಲ್ಲವೆಂದು ಹೇಳಿದ್ದು ಬಹಳ ಮಟ್ಟಿಗೆ ನಿಜವಿರಬೇಕು. ಮುರ್ಖದ್ ಎಂಬ ಹೆಸರಿನ ತಾತಂದಿರು ಒಬ್ಬರಿಗಿಂತ ಹೆಚ್ಚು ಇದ್ದುದರಿಂದ ಒಂದೇ ಮನೆತನದ ಹೆಸರು ಬೇರೆ ಬೇರೆ ಸೀಮೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಆಗ್ನೇಯದ ವೆಕ್ಸ್‌ಫರ್ಡ್‌ನದು ಒಂದು ಪ್ರಬಲ ಕುಲ. ದಕ್ಷಿಣದ ಕಾರ್ಕ್‌ನಲ್ಲಿ ಮರ್ಫಿಗಳ ಸಂಖ್ಯೆ ಇನ್ನೂ ದೊಡ್ಡದು. ಅವರು ವೆಕ್ಸ್‌ಫರ್ಡ್‌ನಿಂದ ಹೋದ ಕವಲು ಎಂಬ ಹೇಳಿಕೆಯಿದೆ. ಉತ್ತರದ ಟೈರೋನ್ ಮತ್ತು ಆರ್ಮಾ ಕಡೆಯ ಮರ್ಫಿಗಳದು ಬೇರೆಯೇ ಮೂಲ, ಅವರು ಮ್ಯಾಕ್ ಮುರ್ಖದರು. ಸಮುದ್ರ ದಾಟಿದರೆ ಸ್ಕಾಟ್ಲೆಂಡಿನಲ್ಲಿ ಅದೇ ಮುರ್ಖದ್‌ನ ಮಗ ‘ಮರ್ಚಿಸನ್’ ಆಗಿದ್ದಾನೆ. ಭೂವಿಜ್ಞಾನ ಓದಿದವರಿಗೆ ಸೈಲ್ಯೂರಿಯನ್ ಯುಗವನ್ನು ಗುರುತಿಸಿ ಹೆಸರಿಟ್ಟ ರಾಡರಿಕ್ ಮರ್ಚಿಸನ್ ಗೊತ್ತಿರುತ್ತಾನೆ. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದು, ಒಡಲಲ್ಲಿ ಅಮೈನೊ ಆಮ್ಲಗಳನ್ನು ಹೊತ್ತು ತಂದಿದ್ದಕ್ಕೆ ಪ್ರಸಿದ್ಧವಾದ ಉಲ್ಕಾಶಿಲೆಗೂ ಅದು ಬಿದ್ದ ಊರಿನಿಂದಾಗಿ ಮರ್ಚಿಸನ್ ಎಂದೇ ಹೆಸರು. ಕಾಗುಣಿತ ನೋಡಿದರೆ ಮರ್ಫಿಗೂ ಅದಕ್ಕೂ ಸಂಬಂಧವೇ ಕಾಣದು, ಬೇರು ಒಂದೇ.

ವೆಕ್ಸ್‌ಫರ್ಡ್ ಸೀಮೆಯ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಐರ್ಲೆಂಡಿನ ಚರಿತ್ರೆಯ ಎರಡು ತುದಿಗಳಲ್ಲಿ ಈ ಹೆಸರು ನಿಂತಿದೆ. ಹನ್ನೆರಡನೆಯ ಶತಮಾನದಲ್ಲಿ ಲೆನ್‌ಸ್ಟರ್ ಪ್ರಾಂತದ ದೊರೆಯಾಗಿದ್ದವನು ಡರ್ಮಟ್ ಮ್ಯಾಕ್‌ಮರೋ, ಐರಿಶ್‌ನಲ್ಲಿ ಮ್ಯಾಕ್ ಮುರ್ಖದ. ವೆಕ್ಸ್‌ಫರ್ಡ್‌ನ ಓ ಮುರ್ಖದರು ಅವನ ನೇರ ಸಂತತಿಯಲ್ಲ, ಅದೇ ಹಿರಿಯ ಕುಲದ ಇನ್ನೊಂದು ಕವಲು. ಡರ್ಮಟ್‌ನ ಮನೆತನಕ್ಕೆ ಹೆಸರು ಬಂದದ್ದು ಅವನ ಅಜ್ಜ ಮುರ್ಖದ್‌ನಿಂದ. ಬ್ರೆಫ್ನಿಯ ಅರಸನ ಹೆಂಡತಿಯನ್ನು 1152ರಲ್ಲಿ ಕರೆದೊಯ್ದದ್ದೂ ಸೇರಿದಂತೆ ಹಲವು ಕಾರಣಗಳಿಗೆ ಶತ್ರುಗಳನ್ನು ಕಟ್ಟಿಕೊಂಡಿದ್ದ ಈತ 1166ರಲ್ಲಿ ರಾಜ್ಯ ಕಳೆದುಕೊಂಡ. ಅದನ್ನು ಮರಳಿ ಪಡೆಯಲು ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಒಪ್ಪಿಗೆ ಪಡೆದು ನಾರ್ಮನ್ ಯೋಧರನ್ನು ಕರೆತಂದ. 1169ರಲ್ಲಿ ಅವರ ಮೊದಲ ತಂಡ ವೆಕ್ಸ್‌ಫರ್ಡ್ ತೀರದ ಬ್ಯಾನೊ ಕೊಲ್ಲಿಯಲ್ಲಿ ಇಳಿಯಿತು. ಮರುವರ್ಷ ಸ್ಟ್ರಾಂಗ್‌ಬೋ ಎಂದು ಹೆಸರಾದ ರಿಚರ್ಡ್ ಡಿ ಕ್ಲೇರ್ ಬಂದು ವಾಟರ್‌ಫರ್ಡ್ ಪಟ್ಟಣವನ್ನು ಗೆದ್ದ, ಡರ್ಮಟ್‌ನ ಮಗಳು ಈಫೆಯನ್ನು ಮದುವೆಯಾದ. 1171ರಲ್ಲಿ ಡರ್ಮಟ್ ತೀರಿಕೊಂಡ, ಬಂದವರು ಮಾತ್ರ ಹಿಂದಿರುಗಲಿಲ್ಲ. ಐರಿಶ್‌ನಲ್ಲಿ ಅವನಿಗೆ ‘ಪರದೇಶಿಯರ ಡರ್ಮಟ್’ ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಅವನ ಮಗ ಡೋನಲ್‌ಗೆ ಬಂದಿದ್ದ ‘ಕವನಾ’ ಎಂಬ ಉಪನಾಮ ಬೇರೆಯೇ ಮನೆತನದ ಹೆಸರಾಗಿ ಬೆಳೆಯಿತು. ನಿಮಗೆ ಡಬ್ಲಿನ್‌ನಲ್ಲಿ ಕವನಾ ಎಂಬುವರು ಸಿಕ್ಕರೆ ಅವರ ಮೂಲಪುರುಷನ ಮುತ್ತಜ್ಜ ಒಬ್ಬ ಮುರ್ಖದ್ ಎಂದು ತಿಳಿಯಿರಿ.

ಇದೇ ವೆಕ್ಸ್‌ಫರ್ಡ್‌ನಲ್ಲಿ ಆರು ಶತಮಾನಗಳ ನಂತರ, 1798ರಲ್ಲಿ, ಇಂಗ್ಲಿಷ್ ಆಳ್ವಿಕೆಯ ವಿರುದ್ಧ ರೈತರು ದಂಗೆಯೆದ್ದಾಗ ಮುಂದೆ ನಿಂತವನು ಬೂಲವೋಗ್ ಹಳ್ಳಿಯ ಪಾದ್ರಿ ಜಾನ್ ಮರ್ಫಿ. ಅರ್ಧಚಂದ್ರದಂಥ ಅಲಗು ಕಟ್ಟಿದ ಈಟಿ, ಕುಡುಗೋಲುಗಳನ್ನು ಹಿಡಿದ ಜನ ಕೆಲವು ವಾರ ಜಿಲ್ಲೆಯ ಬಹುಭಾಗವನ್ನು ಕೈವಶ ಮಾಡಿಕೊಂಡಿದ್ದರು. ಆರ್ಕ್ಲೋ ಎಂಬಲ್ಲಿ ಮೈಕೆಲ್ ಮರ್ಫಿ ಎಂಬ ಇನ್ನೊಬ್ಬ ಪಾದ್ರಿ ಕಾಳಗದಲ್ಲೇ ಸತ್ತ. ಜಾನ್ ಮರ್ಫಿಯನ್ನು ಜುಲೈ 2ರಂದು ಟಲ್ಲೊ ಪೇಟೆಯಲ್ಲಿ ಚಿತ್ರಹಿಂಸೆ ಕೊಟ್ಟು ಗಲ್ಲಿಗೇರಿಸಿದರು. ಪರರನ್ನು ಕರೆತಂದ ದೊರೆಗೂ ಅವರನ್ನು ಎದುರಿಸಿ ಸತ್ತ ಪಾದ್ರಿಗೂ ಒಂದೇ ಹೆಸರಿನ ಎರಡು ಕಾಗುಣಿತ. ಜಿಲ್ಲೆಯೂ ಒಂದೇ.

ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲಿಷ್ ಆಡಳಿತ ಬಿಗಿಯಾದಂತೆ ಐರಿಶ್ ಜನ ತಮ್ಮ ಹೆಸರುಗಳ ಹಿಂದಿನ ‘ಓ’, ‘ಮ್ಯಾಕ್’ಗಳನ್ನು ಕಳಚಿಟ್ಟರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, 1893ರಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾಗಿ ಭಾಷಾಭಿಮಾನ ಮರಳಿದಾಗ ಓ’ಸಲಿವನ್, ಓ’ಕಾನರ್, ಓ’ನೀಲ್ ಮೊದಲಾದವರಲ್ಲಿ ಹಲವರು ಆ ‘ಓ’ವನ್ನು ಮರಳಿ ಧರಿಸಿಕೊಂಡರು. ಮರ್ಫಿಗಳು ಮಾತ್ರ ಹಾಗೆ ಮಾಡಲಿಲ್ಲ. ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಓ’ಮರ್ಫಿ’ ಎಂಬುದು ಐರ್ಲೆಂಡಿನಲ್ಲಿ ಕಾಣಸಿಗುವುದೇ ಅಪರೂಪ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಪ್ರೇಯಸಿಯಾಗಿದ್ದ, ರೂಆನ್ ಪಟ್ಟಣದಲ್ಲಿ ಐರಿಶ್ ಮೂಲದ ಕುಟುಂಬದಲ್ಲಿ ಹುಟ್ಟಿದ ಮಾರಿ-ಲೂಯಿಸ್ ಓ’ಮರ್ಫಿಯಂಥವರಲ್ಲಿ, ಅಂದರೆ ನಾಡು ಬಿಟ್ಟು ಹೋದವರಲ್ಲಿ ಆ ರೂಪ ಉಳಿದದ್ದುಂಟು. ಸ್ಪೇನ್ ಮೂಲಕ ಅಮೆರಿಕಕ್ಕೆ ಹೋದ ಒಂದು ಕುಟುಂಬ ‘ಮಾರ್ಫಿ’ ಎಂಬ ಕಾಗುಣಿತವನ್ನು ಹೊತ್ತೊಯ್ದಿತು. ಅದರಲ್ಲಿ 1837ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವನೇ ಪಾಲ್ ಮಾರ್ಫಿ. ಚೆಸ್ ಆಡುವ ಮಕ್ಕಳು ರುಯ್ ಲೋಪೆಜ್ ಆರಂಭಕ್ಕೆ ಉತ್ತರವಾಗಿ ಮೂರನೆಯ ನಡೆಯಲ್ಲಿ ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ತಳ್ಳುತ್ತಾರಲ್ಲ, ಆ ಮಾರ್ಫಿ ರಕ್ಷಣೆ ಅವನ ಹೆಸರಿನದು.

ಸಂಖ್ಯೆಯ ಮಾತಿಗೆ ಬಂದರೆ, ಐರ್ಲೆಂಡಿನ ರಿಜಿಸ್ಟ್ರಾರ್ ಜನರಲ್ ಆಗಿದ್ದ ರಾಬರ್ಟ್ ಮ್ಯಾಥಿಸನ್ 1890ರ ಜನನ ದಾಖಲೆಗಳನ್ನು ಎಣಿಸಿ ಇಡೀ ದ್ವೀಪದಲ್ಲಿ ಮರ್ಫಿಗಳು ಸುಮಾರು 62,600 ಮಂದಿ ಇರಬೇಕೆಂದು ಅಂದಾಜು ಮಾಡಿದರು. ಎರಡನೆಯ ಸ್ಥಾನದ ಕೆಲ್ಲಿಗಳು 55,900. ಆ ಹೊತ್ತಿಗೆ ಎಷ್ಟೋ ಮರ್ಫಿಗಳು ಊರು ಬಿಟ್ಟಾಗಿತ್ತು. 1845ರಿಂದ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿ, ಅದೊಂದನ್ನೇ ನಂಬಿದ್ದ ಬಡವರಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಈ ಕ್ಷಾಮಕ್ಕೆ ಮೊದಲೇ ಇಂಗ್ಲಿಷ್ ಗ್ರಾಮ್ಯದಲ್ಲಿ ‘ಮರ್ಫಿ’ ಎಂದರೆ ಆಲೂಗಡ್ಡೆ ಎಂಬ ಅರ್ಥ ಬಂದಿತ್ತು. ಐರಿಶ್‌ನವನೆಂದರೆ ಆಲೂಗಡ್ಡೆ ತಿನ್ನುವವನು, ಐರಿಶ್‌ನವನೆಂದರೆ ಮರ್ಫಿ, ಆದ್ದರಿಂದ ಆಲೂಗಡ್ಡೆಯೂ ಮರ್ಫಿ ಎಂಬ ತರ್ಕ ಅದು. ತಮಾಷೆಯ ಮಾತು ಎಂದು ನಿಘಂಟುಗಳು ಬರೆದುಕೊಂಡಿವೆ, 1847ರ ಕಾರ್ಕ್ ಬಂದರಿನಲ್ಲಿ ಹಡಗಿಗೆ ಕಾದು ನಿಂತ ಮರ್ಫಿಗೆ ಅದು ತಮಾಷೆಯಾಗಿ ಕೇಳಿಸಿರಲಾರದು.

ಇಲ್ಲಿ ನಿಮ್ಮ ಕೊನೆಯ ಪ್ರಶ್ನೆಗೆ ಬೇಕಾದ ಒಂದು ಎಚ್ಚರಿಕೆಯನ್ನು ಹೇಳಿಬಿಡುತ್ತೇನೆ. ಮರ್ಫಿ ಎಂಬುದರ ಬಳಕೆಗಳಲ್ಲಿ ಎರಡು ಜಾತಿ ಇವೆ, ಅವನ್ನು ಬೆರೆಸಬಾರದು. ಆಲೂಗಡ್ಡೆಯದು ಒಂದು ಜಾತಿ: ಅಲ್ಲಿ ಯಾವ ವ್ಯಕ್ತಿಯೂ ಇಲ್ಲ, ಇಡೀ ಜನಾಂಗಕ್ಕೆ ಬದಲಾಗಿ ಒಂದು ಹೆಸರು ನಿಂತಿದೆ, ನಮ್ಮ ಗಾದೆ ಮತ್ತು ನಗೆಹನಿಗಳಲ್ಲಿ ಬೋರ, ತಿಮ್ಮ ನಿಲ್ಲುವಂತೆ. 1915ರ ಗಲಿಪೊಲಿ ಯುದ್ಧದಲ್ಲಿ ಗಾಯಾಳುಗಳನ್ನು ಕತ್ತೆಯ ಬೆನ್ನ ಮೇಲೆ ಸಾಗಿಸುತ್ತಿದ್ದ ಆಸ್ಟ್ರೇಲಿಯನ್ ಪಡೆಯ ಸಿಂಪ್ಸನ್‌ನ ಕತ್ತೆಗೂ ಮರ್ಫಿ ಎಂಬ ಹೆಸರಿತ್ತೆಂದು ಹೇಳುತ್ತಾರೆ. ಅದೂ ಈ ಜಾತಿಗೇ ಸೇರಿದ್ದು. ಇನ್ನೊಂದು ಜಾತಿಯಲ್ಲಿ ನಿಜವಾದ ಮರ್ಫಿಯೊಬ್ಬ ಇರುತ್ತಾನೆ, ಮತ್ತು ಪ್ರತಿ ಸಲವೂ ಅವನು ಬೇರೆಯವನು. ನೀವು ಹೇಳಿದ ಮೂರೂ, ಜೊತೆಗೆ ರೇಡಿಯೊ, ನಾಲ್ವರು ಬೇರೆ ಬೇರೆ ಮರ್ಫಿಗಳದು.

‘ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ’ ಎಂಬ ನಿಯಮದ ಮರ್ಫಿ ಅಮೆರಿಕದ ವಾಯುಪಡೆಯ ಎಂಜಿನಿಯರ್, ಕ್ಯಾಪ್ಟನ್ ಎಡ್ವರ್ಡ್ ಮರ್ಫಿ. 1949ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ವಾಯುನೆಲೆಯಲ್ಲಿ, ರಾಕೆಟ್ ಕಟ್ಟಿದ ಬಂಡಿಯನ್ನು ಹಳಿಯ ಮೇಲೆ ಓಡಿಸಿ ಥಟ್ಟನೆ ನಿಲ್ಲಿಸಿದರೆ ಮನುಷ್ಯನ ಮೈ ಎಷ್ಟು ತಡೆಯಬಲ್ಲದೆಂದು ವೈದ್ಯ ಜಾನ್ ಸ್ಟಾಪ್ ಪರೀಕ್ಷಿಸುತ್ತಿದ್ದರು. ಹೆಚ್ಚಿನ ಸಲ ಬಂಡಿಯಲ್ಲಿ ಕೂರುತ್ತಿದ್ದವರು ಅವರೇ. ಮರ್ಫಿ ತಂದುಕೊಟ್ಟ ಅಳತೆಯ ಉಪಕರಣಗಳನ್ನು ಜೋಡಿಸಿ ಓಡಿಸಿದಾಗ ಅವು ಏನನ್ನೂ ತೋರಿಸಲಿಲ್ಲ. ಬಿಚ್ಚಿ ನೋಡಿದರೆ ತಂತಿಗಳನ್ನು ತಿರುಗುಮುರುಗಾಗಿ ಸೇರಿಸಲಾಗಿತ್ತು. ಸಹಾಯಕನ ಮೇಲೆ ಸಿಟ್ಟಾಗಿ ಮರ್ಫಿ ಆಡಿದ ಮಾತನ್ನು ಅಲ್ಲಿದ್ದವರು ‘ಮರ್ಫಿಯ ನಿಯಮ’ ಎಂದು ಕರೆದರು, ಸ್ಟಾಪ್ ಅದನ್ನು ಪತ್ರಕರ್ತರ ಮುಂದೆ ಹೇಳಿದರು, ಮುಂದಿನದು ನಮಗೆಲ್ಲ ಗೊತ್ತು. ಮರ್ಫಿ ಆಡಿದ ಮಾತು ಸರಿಯಾಗಿ ಯಾವುದು ಎಂಬುದರ ಬಗ್ಗೆ ಅಲ್ಲಿದ್ದವರೇ ಬೇರೆ ಬೇರೆಯಾಗಿ ಹೇಳಿದ್ದಾರೆ. ನಿಯಮ ತನ್ನನ್ನೂ ಬಿಟ್ಟಿಲ್ಲ. ಅದನ್ನು ಹತಾಶೆಯ ಗಾದೆಯೆಂದು ಬಳಸುವುದು ನಮ್ಮಲ್ಲೂ ರೂಢಿಯಾಗಿದೆ, ಆದರೆ ಎಂಜಿನಿಯರ್‌ಗಳಿಗೆ ಅದು ಮುನ್ನೆಚ್ಚರಿಕೆಯ ಸೂತ್ರ: ಉಪಕರಣವನ್ನು ತಪ್ಪಾಗಿ ಜೋಡಿಸಲು ಸಾಧ್ಯವಿದ್ದರೆ ಯಾರೋ ಒಬ್ಬರು ಹಾಗೆ ಜೋಡಿಸುತ್ತಾರೆ, ಆದ್ದರಿಂದ ಸಾಧ್ಯವೇ ಆಗದಂತೆ ರೂಪಿಸು.

ಬೆಳಿಗ್ಗೆ ಎತ್ತಿ ಗೋಡೆಯೊಳಕ್ಕೆ ಮಡಚಿಡುವ ಮಂಚದ ಮರ್ಫಿ ಸ್ಯಾನ್ ಫ್ರಾನ್ಸಿಸ್ಕೊದ ವಿಲಿಯಂ ಲಾರೆನ್ಸ್ ಮರ್ಫಿ, ಕಾಲ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳು. ಒಂದೇ ಕೋಣೆಯ ಬಾಡಿಗೆ ಮನೆಗಳ ಕಾಲದಲ್ಲಿ ಅದು ಎಷ್ಟು ಹರಡಿತೆಂದರೆ, 1989ರಲ್ಲಿ ಅಮೆರಿಕದ ನ್ಯಾಯಾಲಯವೊಂದು ‘ಮರ್ಫಿ ಮಂಚ’ ಎಂಬುದು ಈಗ ಆ ಬಗೆಯ ಎಲ್ಲ ಮಂಚಗಳ ಸಾಮಾನ್ಯನಾಮವಾಗಿದೆ, ಅದರ ಮೇಲೆ ಕಂಪನಿಯೊಂದಕ್ಕೆ ಟ್ರೇಡ್‌ಮಾರ್ಕ್ ಹಕ್ಕಿಲ್ಲ ಎಂದು ತೀರ್ಪಿತ್ತಿತು.

ನೀವು ಕೇಳದೆ ಬಿಟ್ಟ, ಆದರೆ ಕರ್ನಾಟಕದ ಆಸ್ಪತ್ರೆಗಳಲ್ಲಿ ದಿನವೂ ಕೇಳಿಬರುವ ಮರ್ಫಿಗಳು ಇಬ್ಬರಿದ್ದಾರೆ. ಹೊಟ್ಟೆನೋವೆಂದು ಬಂದ ರೋಗಿಯ ಬಲಪಕ್ಕೆಲುಬಿನ ಅಂಚಿನ ಕೆಳಗೆ ವೈದ್ಯರು ಬೆರಳುಗಳನ್ನು ಒತ್ತಿ ಹಿಡಿದು ಜೋರಾಗಿ ಉಸಿರೆಳೆದುಕೊಳ್ಳಲು ಹೇಳುತ್ತಾರೆ. ಉಸಿರೆಳೆದಾಗ ಯಕೃತ್ತಿನ ಜೊತೆಗೆ ಪಿತ್ತಕೋಶವೂ ಕೆಳಗಿಳಿದು ಬೆರಳಿಗೆ ತಾಗುತ್ತದೆ. ಅದು ಊದಿಕೊಂಡಿದ್ದರೆ ರೋಗಿ ಉಸಿರನ್ನು ಅರ್ಧಕ್ಕೇ ಕಚ್ಚಿ ಹಿಡಿಯುತ್ತಾನೆ. ‘ಮರ್ಫಿಸ್ ಸೈನ್ ಪಾಸಿಟಿವ್’ ಎಂದು ಕೇಸ್ ಷೀಟಿನಲ್ಲಿ ಬರೆಯುವುದು ಇದನ್ನೇ. ಇದು ಶಿಕಾಗೊದ ಶಸ್ತ್ರವೈದ್ಯ ಜಾನ್ ಬೆಂಜಮಿನ್ ಮರ್ಫಿಯವರದು, ಅವರ ಕಾಲ 1857ರಿಂದ 1916. ಅರಿವಳಿಕೆ ಕೊಡುವಾಗ ಶ್ವಾಸನಾಳಕ್ಕೆ ಇಳಿಸುವ ಕೊಳವೆಯ ತುದಿಯ ಬಳಿ, ಪಕ್ಕದಲ್ಲಿ ಒಂದು ಹೆಚ್ಚುವರಿ ರಂಧ್ರ ಇರುತ್ತದೆ. ತುದಿಯ ಬಾಯಿ ಕಟ್ಟಿಕೊಂಡರೂ ಗಾಳಿ ಆ ಪಕ್ಕದ ಕಿಂಡಿಯಿಂದ ಹೋಗಲಿ ಎಂದು. ಅದನ್ನು ‘ಮರ್ಫಿ ಕಣ್ಣು’ ಎನ್ನುತ್ತಾರೆ. 1941ರಲ್ಲಿ ಅದನ್ನು ವಿವರಿಸಿದವರು ಇನ್ನೊಬ್ಬ ಮರ್ಫಿ, ಫ್ರಾನ್ಸಿಸ್. ಕೆಡಬಹುದಾದದ್ದು ಕೆಡುತ್ತದೆಂದು ಮೊದಲೇ ಬಗೆದು ಒಂದು ಕಿಂಡಿ ಕೊರೆದಿಟ್ಟ ಈ ಮರ್ಫಿಗೆ ಎಂಟು ವರ್ಷ ಆಮೇಲೆ ಬಂದ ನಿಯಮದ ಮರ್ಫಿಯ ಪರಿಚಯವಿದ್ದಿರಲಿಕ್ಕಿಲ್ಲ.

ನಿಮ್ಮ ತಂದೆಯವರ ರೇಡಿಯೊಗೆ ಹೆಸರು ಕೊಟ್ಟವನು ಫ್ರ್ಯಾಂಕ್ ಮರ್ಫಿ. 1929ರಲ್ಲಿ ಇ. ಜೆ. ಪವರ್ ಎಂಬುವರೊಂದಿಗೆ ಸೇರಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಕಂಪನಿ ತೆರೆದು, 1937ರಲ್ಲಿ ತಾನೇ ಅದರಿಂದ ಹೊರಬಿದ್ದ. ಹೆಸರು ಮಾತ್ರ ಪೆಟ್ಟಿಗೆಯ ಮೇಲೆ ಉಳಿಯಿತು. ಭಾರತದಲ್ಲಿ ಮರ್ಫಿ ರೇಡಿಯೊ ಬೇರೂರಿದ್ದು ಆಮೇಲೆಯೇ. ತುಟಿಯ ಮೇಲೆ ಬೆರಳಿಟ್ಟ ಮಗುವಿನ ಜಾಹೀರಾತು, ನಡುಮನೆಯ ಮರದ ಹಲಗೆಯ ಮೇಲೆ ಕಸೂತಿ ಬಟ್ಟೆ ಹೊದೆದು ಕುಳಿತ ಪೆಟ್ಟಿಗೆ, ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಕಟ್ಟಬೇಕಾಗಿದ್ದ ಲೈಸೆನ್ಸ್ ಶುಲ್ಕ ಇವೆಲ್ಲ ನಿಮ್ಮ ತಂದೆಯವರಿಗೆ ನೆನಪಿರುತ್ತವೆ. ಧಾರವಾಡ, ಬೆಂಗಳೂರು ಆಕಾಶವಾಣಿಯ ವಾರ್ತೆಯನ್ನು ಆ ಪೆಟ್ಟಿಗೆಯಲ್ಲಿ ಕೇಳುತ್ತಿದ್ದ ಯಾರಿಗೂ ಅದು ಐರಿಶ್ ಹೆಸರೆಂಬ ಸುಳಿವಿರಲಿಲ್ಲ. ಫಿಲಿಪ್ಸ್, ಬುಷ್, ಮರ್ಫಿ ಮೂರೂ ನಮಗೆ ರೇಡಿಯೊದ ಜಾತಿಗಳೇ ಆಗಿದ್ದವು. ಇನ್ನು ಬೆಂಗಳೂರಿನ ಹಲಸೂರಿನ ಪಕ್ಕದ ಮರ್ಫಿ ಟೌನ್ ದಂಡುಪ್ರದೇಶದ ಆಡಳಿತದಲ್ಲಿದ್ದ ಎಂಜಿನಿಯರ್ ಮರ್ಫಿಯ ಹೆಸರನ್ನು ಹೊತ್ತಿದೆ. ರೇಡಿಯೊ ಕಂಪನಿಗೂ ಬಡಾವಣೆಗೂ ಏನೇನೂ ಸಂಬಂಧವಿಲ್ಲ, ಇದೆಯೆಂದು ನಂಬಿದವರನ್ನು ನಾನೇ ಕಂಡಿದ್ದೇನೆ.

ನಿಮ್ಮ ಸಹೋದ್ಯೋಗಿಗಳಲ್ಲಿ ಯಾರಿಗಾದರೂ ತಮ್ಮ ಮರ್ಫಿ ಯಾವ ಮರ್ಫಿ ಎಂದು ತಿಳಿಯುವ ಆಸೆಯಿದ್ದರೆ ಹೆಸರನ್ನು ಹಿಡಿದು ಹೊರಟು ಪ್ರಯೋಜನವಿಲ್ಲ, ಊರನ್ನು ಹಿಡಿಯಬೇಕು. ಹತ್ತೊಂಬತ್ತನೆಯ ಶತಮಾನದ ಜನಗಣತಿಯ ಹಾಳೆಗಳು ಬಹುಪಾಲು ಉಳ್ಕೊಂಡಿಲ್ಲ. ಕೆಲವನ್ನು ಸರ್ಕಾರವೇ ನಾಶಮಾಡಿತ್ತು, ಉಳಿದವು 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಹೋದವು. 1901 ಮತ್ತು 1911ರ ಗಣತಿ ಪೂರ್ತಿಯಾಗಿ ಉಳಿದಿದ್ದು, ರಾಷ್ಟ್ರೀಯ ದಾಖಲೆಗಾರದ ಜಾಲತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಆದರೆ ಕಾರ್ಕ್‌ನಲ್ಲಿ ಜಾನ್ ಮರ್ಫಿ ಎಂದು ಹುಡುಕಿದರೆ ಸಿಗುವ ಪಟ್ಟಿ ನೋಡಿ ಎದೆಗುಂದುವುದು ಖಂಡಿತ. ಜಿಲ್ಲೆ, ‘ಪ್ಯಾರಿಷ್’ ಎಂಬ ಚರ್ಚಿನ ವ್ಯಾಪ್ತಿಯ ಪ್ರದೇಶ, ಸಾಧ್ಯವಾದರೆ ‘ಟೌನ್‌ಲ್ಯಾಂಡ್’ ಎಂಬ ಸಣ್ಣ ಗ್ರಾಮಘಟಕದ ಹೆಸರು ಮನೆಯ ಹಿರಿಯರಿಂದ ಮೊದಲೇ ಸಿಗಬೇಕು. ಹಳ್ಳಿಗಾಡಿನ ಮನೆಗಳಿಗೆ ಬಹುಕಾಲ ಸಂಖ್ಯೆಯೇ ಇರಲಿಲ್ಲ, ಟೌನ್‌ಲ್ಯಾಂಡ್‌ನ ಹೆಸರೇ ವಿಳಾಸ. ಒಂದೇ ಟೌನ್‌ಲ್ಯಾಂಡ್‌ನಲ್ಲಿ ನಾಲ್ಕು ಮರ್ಫಿ ಮನೆಗಳಿದ್ದರೆ ಊರಿನವರು ಅಜ್ಜನ ಹೆಸರು, ತಂದೆಯ ಹೆಸರುಗಳನ್ನು ಒಂದರ ಹಿಂದೊಂದು ಪೋಣಿಸಿ ಅವರನ್ನು ಬೇರೆ ಮಾಡುತ್ತಿದ್ದರು, ಅಂಚೆಯವನಿಗೂ ಅದೇ ಆಧಾರ. ಮನೆತನದ ಹೆಸರು ಹುಟ್ಟುವುದಕ್ಕೆ ಮುಂಚಿನ ಪದ್ಧತಿಗೆ, ಅಂದರೆ ನಮ್ಮ ಪದ್ಧತಿಗೆ, ಅವರು ಹೀಗೆ ಹಿತ್ತಿಲ ಬಾಗಿಲಿನಿಂದ ಮರಳಿದ್ದರು.

ನಿಮ್ಮ ಪಾರ್ಸೆಲ್‌ಗಳ ಬಗ್ಗೆ ಚಿಂತೆ ಬೇಡ. 2015ರಲ್ಲಿ ಜಾರಿಗೆ ಬಂದ ಏರ್‌ಕೋಡ್ ಎಂಬ ಏಳು ಅಕ್ಷರ-ಅಂಕಿಗಳ ಸಂಕೇತ ಪ್ರತಿ ವಿಳಾಸಕ್ಕೂ ಬೇರೆ ಬೇರೆ ಇರುತ್ತದೆ. ಅದು ಸರಿಯಿದ್ದರೆ ಮೇಲೆ ಮರ್ಫಿ ಎಂದಿದ್ದರೂ ಪೆಟ್ಟಿಗೆ ಮೂರ್ತಿಯವರ ಬಾಗಿಲಿಗೇ ಬರುತ್ತದೆ. ಸಹಿ ಮಾಡಿಸಿಕೊಳ್ಳುವಾಗ ಗುರುತಿನ ಚೀಟಿ ಕೇಳುವ ಕೊರಿಯರ್‌ಗಳಿಗೆ ಮಾತ್ರ ಹೆಸರಿನ ಕಾಗುಣಿತವನ್ನು ಮೊದಲೇ ತಿದ್ದಿಸಿಡಿ.